ಅರ್ಧ ಕೊಯ್ತಾ

ಹೋದ ತಿಂಗಳು ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗೆಂದು ತೆಲಸಂಗದಿಂದ ರಾಯಬಾಗಕ್ಕೆ ಹೊರಟಿದ್ದೆ. ಬಸ್ಸು ಹಾರೂಗೇರಿ ದಾಟಿದ ಮೇಲೆ ಕಿಟಕಿಯಿಂದ ಹೊಗೆ ಒಳಗೆ ಬಂತು. ಕಬ್ಬು ಕಡಿದು ಬರಿದಾದ ಹೊಲದಲ್ಲಿ ಒಣಗಿದ ಗರಿಗೆ, ನಮ್ಮ ಕಡೆ ಅದಕ್ಕೆ ರವದಿ ಎನ್ನುತ್ತೇವೆ, ಯಾರೋ ಬೆಂಕಿ ಕೊಟ್ಟಿದ್ದರು. ಪಕ್ಕದಲ್ಲಿ ಕೂತಿದ್ದ ಹುಡುಗಿ, "ಬೆಲ್ಲ ಕಾಸಿದಂಗ ವಾಸನಿ ಬರ್ತೈತಲ್ರಿ" ಎಂದಳು. ಹೂಂ ಎಂದೆ. ಕಿಟಕಿಯ ಗಾಜು ಎಳೆದೆ. ಆದರೂ ಆ ವಾಸನೆ ಸೆರಗಿಗೆ ಹತ್ತಿಕೊಂಡು ತರಬೇತಿ ಮುಗಿಯುವವರೆಗೂ ನನ್ನ ಜೊತೆಗೇ ಇತ್ತು. ಅಲ್ಲಿ ಏನು ಹೇಳಿಕೊಟ್ಟರೋ ಒಂದೂ ತಲೆಗೆ ಹೋಗಲಿಲ್ಲ. ನಾನು ಮದುವೆಯಾದ ವರ್ಷದ ಕಬ್ಬಿನ ಹಂಗಾಮು ಕಣ್ಣ ಮುಂದೆ ಬಂದು ಕೂತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಮ್ಮ ತೆಲಸಂಗದ ಕಡೆ ಮಳೆಯ ಮೇಲಿನ ಬೇಸಾಯ. ಹಿಂಗಾರಿ ಜೋಳ ಬಿತ್ತಿದ ಮೇಲೆ ಕೂಲಿಯವರಿಗೆ ಕೈಯಲ್ಲಿ ಕೆಲಸವಿರುತ್ತಿರಲಿಲ್ಲ. ಆಗ ಓಣಿಗೆ ಮುಕಾದಮರು ಬರುತ್ತಿದ್ದರು. ಮುಂಗಡ ಕೊಟ್ಟು ಮಂದಿಯನ್ನು ಕೂಡಿಸಿ, ಕಬ್ಬು ಕಡಿಯುವ ಟೋಳಿ ಕಟ್ಟಿಕೊಂಡು ಹೊಳೆಸಾಲಿನ ಊರುಗಳಿಗೆ ಒಯ್ಯುವವರು. ಅವರು ಆಳು ಎಣಿಸುತ್ತಿರಲಿಲ್ಲ, ಕೊಯ್ತಾ ಎಣಿಸುತ್ತಿದ್ದರು. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿ ಇಬ್ಬರೂ ಕೂಡಿದರೆ ಒಂದು ಕೊಯ್ತಾ. ಗಂಡ ಕಡಿಯಬೇಕು, ಹೆಂಡತಿ ಗರಿ ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಮುಟ್ಟಿಸಬೇಕು. ಒಂಟಿ ಗಂಡಸಾದರೂ ಒಂಟಿ ಹೆಂಗಸಾದರೂ ಅರ್ಧ ಕೊಯ್ತಾ. ಅರ್ಧ ಕೊಯ್ತಾವನ್ನು ಯಾರೂ ಲಗೂನ ಒಯ್ಯುತ್ತಿರಲಿಲ್ಲ.

ನನ್ನ ಮದುವೆ ಗಡಿಬಿಡಿಯಲ್ಲಿ ಆದದ್ದು ಅದಕ್ಕೇ. ಸಿದ್ರಾಮನಿಗೆ ಹೆಣ್ಣು ಹುಡುಕುತ್ತಿದ್ದರು ಅನ್ನುವುದಕ್ಕಿಂತ, ಅವನ ಕೊಯ್ತಾಕ್ಕೆ ಇನ್ನರ್ಧ ಹುಡುಕುತ್ತಿದ್ದರು ಅನ್ನಬೇಕು. ದೀಪಾವಳಿಗೆ ಮುಂಚೆ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ಅಕ್ಷತೆ ಹಾಕಿದರು. ಅರಿಶಿಣ ಮೈಮೇಲಿಂದ ಹೋಗುವ ಮೊದಲೇ ಮುಕಾದಮ ತುಕಾರಾಮ ಮಾಮಾ ಬಂದು ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತ. ನನ್ನ ಗಂಡನಿಗೆ ದೂರದ ಸೋದರಮಾವ ಆಗಬೇಕು. ನಗುಮುಖದ ಮನುಷ್ಯ.

"ಬಾಳವ್ವಕ್ಕಾ, ನಿನ್ನ ಸೊಸಿ ನನ್ನ ಮಗಳಿದ್ದಂಗ. ಇರಾಕ ಪತ್ರಾಸಿನ ಖೋಲಿ ಕೊಡ್ತಾರ, ನೀರಿನ ಕಾಲುವಿ ಮಗ್ಗಲಕ್ಕ ಐತಿ. ಜಡ್ಡು ಜಾಪತ್ರಿ ಆದ್ರ ಕಾರ್ಖಾನಿ ದವಾಖಾನಿ ಐತಿ. ಯುಗಾದಿಗೆ ನಾನೇ ತಂದು ನಿನ್ನ ಬಾಗಲಿಗೆ ಬಿಡ್ತೀನಿ" ಎಂದು ನನ್ನ ಅತ್ತೆಗೆ ಹೇಳಿದ. ಅತ್ತೆ ನಂಬಿದಳು. ನಾನೂ ನಂಬಿದೆ. ಏಳನೇ ಇಯತ್ತೆಯವರೆಗೆ ಓದಿದ್ದೆ, ಆದರೆ ಇಂಥ ಮಾತಿಗೆ ಯಾವ ಪ್ರಶ್ನೆ ಕೇಳಬೇಕು ಅನ್ನುವುದನ್ನು ಸಾಲೆಯಲ್ಲಿ ಕಲಿಸಿರಲಿಲ್ಲ.

ಟ್ರ್ಯಾಕ್ಟರು ನಮ್ಮನ್ನು ರಾಯಬಾಗದ ಆಚೆಯ ಒಂದು ಹಳ್ಳಿಯ ಹೊರಗೆ ಇಳಿಸಿದಾಗ ತಗಡಿನ ಖೋಲಿ ಇರಲಿಲ್ಲ. ಬಯಲಿತ್ತು. ನಾವೇ ಬಿದಿರು ಬಗ್ಗಿಸಿ, ರವದಿ ಹೊದಿಸಿ ಗುಡಿಸಲು ಮಾಡಿಕೊಂಡೆವು. ಒಳಗೆ ಹೋಗಲು ಮೊಣಕಾಲೂರಬೇಕಿತ್ತು. ಕಾಲುವೆ ಇತ್ತು, ಅದು ಮಾತ್ರ ಸುಳ್ಳಲ್ಲ. ಕುಡಿಯುವುದು, ತೊಳೆಯುವುದು, ಎತ್ತಿನ ಮೈ ತೊಳೆಯುವುದು ಎಲ್ಲ ಅದರಲ್ಲೇ. ಮೊದಲ ವಾರ ನನ್ನ ಅಂಗೈಯೊಳಗೆ ಕಬ್ಬಿನ ಗರಿಯ ಸಣ್ಣ ಮುಳ್ಳು ತುಂಬಿ ರೊಟ್ಟಿ ಬಡಿಯಲಿಕ್ಕೆ ಆಗುತ್ತಿರಲಿಲ್ಲ. ಸಂಜೆ ಒಲೆಯ ಬೆಳಕಿಗೆ ಕೈ ಹಿಡಿದು ಸಿದ್ರಾಮ ಒಂದೊಂದೇ ತೆಗೆಯುತ್ತಿದ್ದ. ಮದುವೆಯಲ್ಲಿ ಮಾತಾಡದವರು ನಾವು, ಹಾಗೆ ಮುಳ್ಳು ತೆಗೆಯುತ್ತ ತೆಗೆಯುತ್ತ ಮಾತು ಕಲಿತೆವು. "ಇದೊಂದ ಹಂಗಾಮ ಅಷ್ಟೇ. ಮುಂದಿನ ವರ್ಷ ನಾವು ಬರೂದ ಬ್ಯಾಡ. ನಾ ಅಥಣ್ಯಾಗ ಚಪ್ಪಲಿ ಅಂಗಡ್ಯಾಗ ಕೆಲಸ ಹಿಡೀತೀನಿ" ಅನ್ನುತ್ತಿದ್ದ. ಆ ಮಾತು ಹೇಳುವಾಗ ಅವನ ಮುಖ ಚಂದ ಕಾಣುತ್ತಿತ್ತು.

ಟೋಳಿಯಲ್ಲಿ ಯಲ್ಲವ್ವ ಎಂಬ ಹೆಂಗಸಿದ್ದಳು. ಕೊಟ್ಟಲಗಿ ಕಡೆಯವಳು. ಹಿಂದಿನ ಹಂಗಾಮಿನಲ್ಲಿ ಗಂಡ ತೀರಿಹೋಗಿದ್ದ. ಗಂಡ ಹೋದರೂ ಅವನು ತೆಗೆದುಕೊಂಡ ಮುಂಗಡ ಹೋಗಿರಲಿಲ್ಲ. ಅದನ್ನು ತೀರಿಸಲೆಂದು ತುಕಾರಾಮ ಮಾಮಾ ಅವಳನ್ನು ಅರ್ಧ ಕೊಯ್ತಾ ಮಾಡಿ ಮತ್ತೆ ಕರೆತಂದಿದ್ದ. ತಲೆ ಅರ್ಧ ನೆರೆತಿತ್ತು. ನಡುವಿಗೆ ಸೆರಗು ಬಿಗಿದು ಗಂಡಸರ ಸಮಕ್ಕೆ ಹೊರೆ ಹೊರುತ್ತಿದ್ದಳು. ನನಗೆ ಹೊರೆ ಕಟ್ಟುವುದನ್ನು, ತಲೆಯ ಮೇಲಿನ ಸಿಂಬೆ ಸರಿಯಾಗಿ ಇಟ್ಟುಕೊಳ್ಳುವುದನ್ನು ಅವಳೇ ಕಲಿಸಿದಳು. ನಾನು ಅವಳನ್ನು ಆಯಿ ಅನ್ನುತ್ತಿದ್ದೆ.

ಸಂಕ್ರಾಂತಿಯ ಹತ್ತಿರ ಚಳಿ ಬಹಳ ಬಿತ್ತು. ನೀರು ಹಾಯಿಸಿದ ಹೊಲವನ್ನು ಒಣಗಲು ಬಿಡದೆ ಕಡಿಯಲು ಹಚ್ಚಿದ್ದರು. ಆ ಕೆಸರಿನಲ್ಲಿ ಸಿದ್ರಾಮನ ಕಾಲಿಗೆ ಕಡಿದ ಕಬ್ಬಿನ ಬುಡ ನಟ್ಟಿತು. ಅದು ಓರೆಯಾಗಿ ಕಡಿದದ್ದು, ಭರ್ಚಿಯ ಹಾಗೆ ಚೂಪಾಗಿ ಇರುತ್ತದೆ. ಹಳೆಯ ಚಪ್ಪಲಿ ತೂರಿ ಅಂಗಾಲಿಗೆ ಇಳಿದಿತ್ತು. ಅರಿಶಿಣ ಒತ್ತಿ ಅರಿವೆ ಸುತ್ತಿ ಮರುದಿನವೂ ಕೆಲಸಕ್ಕೆ ಇಳಿದ. ಕೆಲಸ ಬಿಟ್ಟರೆ ನಮ್ಮ ಮುಂಗಡದ ಬಾಕಿಗೆ ಖಾಡೆ ಸೇರಿಸುತ್ತಿದ್ದರು. ಕೆಲಸಕ್ಕೆ ಬಾರದ ದಿನಕ್ಕೆ ಹಾಕುವ ದಂಡ ಅದು. ನಾಲ್ಕಾರು ದಿನದಲ್ಲಿ ಕಾಲು ಮೊಣಕಾಲಿನವರೆಗೆ ಬಾತು, ಪಾದ ಕಪ್ಪಿಟ್ಟಿತು. ಗುಡಿಸಲಿನೊಳಗೆ ವಾಸನೆ ಬರತೊಡಗಿತು. ಜ್ವರದಲ್ಲಿ ಅವನ ಹಲ್ಲು ಕಟಕಟ ಅನ್ನುತ್ತಿದ್ದವು.

"ಮಾಮಾ, ಇವರನ್ನ ದವಾಖಾನಿಗೆ ಒಯ್ಯಬೇಕ್ರಿ" ಎಂದು ತುಕಾರಾಮನ ಹತ್ತಿರ ಹೋದೆ.

"ಟ್ರ್ಯಾಕ್ಟರ್ ಮಾಲೀಕನ್ನ ಕೇಳಬೇಕವ್ವಾ. ರೊಕ್ಕ ಅವಂದು, ಮಂದಿ ಅವಂದು. ನಂದೇನೈತಿ?"

ಮಾಲೀಕ ಸಂಜೆ ಬಂದ. ಇಳಿಯಲಿಲ್ಲ, ಟ್ರ್ಯಾಕ್ಟರಿನ ಮೇಲೆ ಕೂತೇ ಮಾತಾಡಿದ. "ನಾ ರೊಕ್ಕ ಕೊಟ್ಟದ್ದು ಮುಕಾದಮಗ. ನಿಮ್ಮನ್ನ ನಾ ಕರ್ಕೊಂಡ ಬಂದಿಲ್ಲ. ಅವನ್ನ ಕೇಳ್ರಿ."

ಮರುದಿನ ಸಕ್ಕರೆ ಕಾರ್ಖಾನೆಯ ಇನ್ಸ್‌ಪೆಕ್ಟರು ಮೋಟಾರ್ ಸೈಕಲ್ಲಿನ ಮೇಲೆ ಬಂದ. ಯಾವ ಹೊಲದ ಕಬ್ಬು ಯಾವಾಗ ಕಡಿಯಬೇಕು ಎಂದು ಹೇಳುವವನು ಅವನೇ. ಬಿಳಿ ಅಂಗಿ, ಬೂಟಿಗೆ ಕೆಸರು ಹತ್ತದಂತೆ ಬದುವಿನ ಮೇಲೆಯೇ ನಿಂತಿದ್ದ. ಧೈರ್ಯ ಮಾಡಿ ಹತ್ತಿರ ಹೋದೆ.

"ಸಾಹೇಬ್ರ, ಕಾರ್ಖಾನಿ ದವಾಖಾನ್ಯಾಗ ತೋರಸ್ತಾರಂತ ಹೇಳಿದ್ರು. ನನ್ನ ಗಂಡಗ ಕಾಲು ಕೆಟ್ಟೈತ್ರಿ."

ಅವನು ಸಿಟ್ಟಾಗಲಿಲ್ಲ. ಮೆತ್ತಗೆ ಹೇಳಿದ. "ತಂಗಿ, ಅದು ಕಾರ್ಖಾನಿ ಕೆಲಸಗಾರರಿಗೆ. ನೀವು ನಮ್ಮ ಮಂದಿ ಅಲ್ಲ. ಕಾರ್ಖಾನಿ ರೈತನ ಕಡಿಂದ ಕಬ್ಬು ತಗೋತೈತಿ, ಟ್ರ್ಯಾಕ್ಟರಿನವ ತಂದು ಹಾಕ್ತಾನ. ನಿಮ್ಮನ್ನ ತಂದವ ಯಾರು, ಅವನ್ನ ಕೇಳ್ರಿ."

ಹೀಗೆ ಒಬ್ಬರಿಂದ ಒಬ್ಬರಿಗೆ ತಿರುಗಿ ನಾನು ಮತ್ತೆ ತುಕಾರಾಮ ಮಾಮಾನ ಗುಡಿಸಲ ಮುಂದೆಯೇ ನಿಂತಿದ್ದೆ. ಒಳಗೆ ಅವನ ಹೆಂಡತಿ ಸುಶೀಲಕ್ಕ ಒಲೆ ಊದುತ್ತ ನನ್ನ ಕಡೆ ನೋಡದೆ ಕೂತಿದ್ದಳು. ತುಕಾರಾಮ ತಲೆ ಕೆರೆದುಕೊಂಡು, "ಅವ ಹೋಗ್ಲಿ. ನೀ ಇರು. ಇಬ್ರೂ ಹೋದ್ರ ನೀವು ತಿರುಗಿ ಬರಂಗಿಲ್ಲ" ಎಂದ.

"ಕಾಲ ಊರಾಕ ಬರವಲ್ದು. ಒಬ್ರ ಹ್ಯಾಂಗ ಹೋಗ್ತಾರ್ರಿ?"

ಆಗ ಹಿಂದೆ ನಿಂತಿದ್ದ ಯಲ್ಲವ್ವ ಮುಂದೆ ಬಂದಳು.

"ಈ ಹುಡುಗೀನ ಗಂಡನ ಕೂಡ ಕಳಸು, ತುಕಾರಾಮ. ಆಕಿ ಬರೂ ತನಕ ಆಕಿ ಕೆಲಸಾನೂ ನಾನ ಮಾಡ್ತೀನಿ. ಬರಲಿಲ್ಲಂದ್ರ ಅವರ ಬಾಕಿ ನನ್ನ ಮ್ಯಾಲ ಹಾಕ್ಕೋ."

ಯಲ್ಲವ್ವನ ಬಾಕಿ ತೀರಲು ಆ ಹಂಗಾಮು ಒಂದು ಸಾಕಿತ್ತು. ಅದು ಮುಗಿದರೆ ಅವಳು ಬಿಡುಗಡೆಯಾಗುತ್ತಿದ್ದಳು. ನಮ್ಮದೂ ಸೇರಿದರೆ ಅವಳು ಇನ್ನೆಷ್ಟು ವರ್ಷ ಆ ಕಾಲುವೆಯ ದಂಡೆಗೆ ಬರಬೇಕಾಗುತ್ತಿತ್ತೋ. ಅದು ತುಕಾರಾಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಹೂಂ ಎಂದ. ನಾನು ಬೇಡ ಅನ್ನಲಿಲ್ಲ. ಅನ್ನುವ ಸ್ಥಿತಿಯಲ್ಲಿ ಇರಲಿಲ್ಲ.

ಎತ್ತಿನ ಗಾಡಿಯಲ್ಲಿ ರಾಯಬಾಗದ ಸ್ಟೇಷನ್ನಿಗೆ, ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಮಿರಜಕ್ಕೆ. ರೈಲಿನಲ್ಲಿ ಮಂದಿ ಮೂಗಿಗೆ ಅರಿವೆ ಹಿಡಿದು ದೂರ ಸರಿದರು. ನಮಗೆ ಅಡ್ಡಾಗಲು ಜಾಗ ಸಿಕ್ಕಿದ್ದು ಅದರಿಂದಲೇ. ಶೇಡಬಾಳ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಒಬ್ಬ ಅಜ್ಜ ಇಳಿಯುವ ಮುಂಚೆ ತನ್ನ ತಾಮ್ರದ ಚೊಂಬಿನ ನೀರನ್ನು ಸಿದ್ರಾಮನ ಬಾಯಿಗೆ ಹಾಕಿ ಹೋದ. ಆ ಹಂಗಾಮಿನಲ್ಲಿ ಗುರುತಿಲ್ಲದವರು ಕೇಳದೆ ಕೊಟ್ಟದ್ದು ಅದೊಂದೇ.

ಮಿರಜದ ಡಾಕ್ಟರು ಪಾದ ನೋಡಿ ನನ್ನನ್ನು ಬೈದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಮರಾಠಿಯಲ್ಲಿ ಕೇಳಿದರು. ನಾನು ಏನು ಹೇಳಲಿ? ಕಬ್ಬು ಕಡಿಯುತ್ತಿದ್ದೆವು ಎಂದೆ. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಅಥಣಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಊರಿಗೆ ಸುದ್ದಿ ಕಳಿಸಿದೆ, ಮೈದುನ ಕಲ್ಲಪ್ಪ ಬಂದ. ಕೆಲವು ದಿನದಲ್ಲಿ ಜ್ವರ ಇಳಿದು ಸಿದ್ರಾಮ ಗಂಜಿ ಕುಡಿಯತೊಡಗಿದ. ಮನೆಗೆ ಒಯ್ಯಬಹುದು, ಗಾಯ ಮಾತ್ರ ಹುಷಾರು ಎಂದರು.

ಹೊರಡುವ ಹಿಂದಿನ ಮಧ್ಯಾಹ್ನ ಸಿದ್ರಾಮ, "ನಾಳೆ ಮೂರೂ ಮಂದಿ ಊರಿಗೆ ಹೋಗೂಣು" ಎಂದ.

"ಯಲ್ಲವ್ವನ್ನ ಇಟ್ಟ ಬಂದೀನ್ರಿ" ಎಂದೆ.

ಅವನು ಹೊದಿಕೆಯ ಕೆಳಗೆ ಕಾಲಿಲ್ಲದ ಕಡೆ ನೋಡಿದ. "ಅವರೇನ ನಮ್ಮ ಬಳಗಾ?"

"ಅಲ್ಲ."

"ನೀ ಅಲ್ಲಿಗೆ ಹೋದ್ರ ನನ್ನ ಯಾರು ನೋಡ್ಕೋತಾರ?"

"ಅತ್ತಿ ಅದಾರ. ಕಲ್ಲಪ್ಪ ಅದಾನ. ಯುಗಾದಿಗೆ ಬರ್ತೀನ್ರಿ."

ಅವನು ಗೋಡೆಯ ಕಡೆ ಹೊರಳಿದ. ಹೋಗು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಕಲ್ಲಪ್ಪ ಅವನನ್ನು ಹೆಗಲ ಮೇಲೆ ಹೊತ್ತು ಅಥಣಿ ಬಸ್ಸು ಹತ್ತಿಸಿದ. ಬಸ್ಸು ತಿರುಗುವಾಗ ಕಿಟಕಿಯಲ್ಲಿ ಅವನ ಮುಖ ಕಂಡಿತು. ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಸ್ಟೇಷನ್ನಿಗೆ ನಡೆದೆ. ಯಾರೂ ಕೈ ಹಿಡಿದು ಎಳೆಯಲಿಲ್ಲ, ಕಾಲಿಗೆ ಹಗ್ಗ ಕಟ್ಟಿರಲಿಲ್ಲ. ನನ್ನ ಕಾಲಿನಿಂದಲೇ ನಡೆದು ಹೋಗಿ ರೈಲು ಹತ್ತಿದೆ. ಒತ್ತೆ ಇಟ್ಟುಕೊಳ್ಳುವುದೆಂದರೆ ಹೀಗೆ, ಬೀಗ ಬೇಕಾಗುವುದಿಲ್ಲ.

ನಾನು ಬದುವಿನ ಮೇಲೆ ಬರುತ್ತಿರುವುದನ್ನು ದೂರದಿಂದ ನೋಡಿ ಯಲ್ಲವ್ವ ಹೊರೆ ಕೆಳಗೆ ಹಾಕಿದಳು. "ಹುಚ್ಚಿ, ಯಾಕ ಬಂದಿ? ಬರಬಾರದಿತ್ತು" ಎಂದು ಬೈದಳು. ಬೈಯುತ್ತಲೇ ನೆಲಕ್ಕೆ ಕುಸಿದು ಕೂತಳು. ಎರಡು ಆಳಿನ ಕೆಲಸ ಮಾಡಿ ಮಾಡಿ ಅವಳ ಕುತ್ತಿಗೆ ಒಂದು ಕಡೆ ವಾಲಿತ್ತು. ಆವತ್ತಿನಿಂದ ನಾನೂ ಅರ್ಧ ಕೊಯ್ತಾ. ನಮ್ಮಿಬ್ಬರನ್ನೂ ಸೇರಿಸಿ ಒಂದು ಮಾಡಿದರು. ಅವಳು ಕಡಿಯುತ್ತಿದ್ದಳು, ನಾನು ಹೊರೆ ಕಟ್ಟುತ್ತಿದ್ದೆ.

ಶಿವರಾತ್ರಿ ಹೋಯಿತು. ಬಿಸಿಲು ಏರಿತು. ಊರಿನಿಂದ ಯಾವ ಸುದ್ದಿಯೂ ಇರಲಿಲ್ಲ. ಸುದ್ದಿ ಇಲ್ಲ ಅಂದರೆ ಚಲೋ ಇದ್ದಾನೆ ಎಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಕಾಲುವೆಯಲ್ಲಿ ಮುಖ ತೊಳೆದು, ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಕುಂಕುಮ ಹಚ್ಚಿಕೊಳ್ಳುತ್ತಿದ್ದೆ. ಆ ಹೊತ್ತಿಗೆ ಸುಶೀಲಕ್ಕನೂ ನೀರಿಗೆ ಬರುತ್ತಿದ್ದಳು. ಕೊಡ ತುಂಬಿದರೂ ಹೋಗದೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ತಿರುಗಿದರೆ ಮುಖ ಬೇರೆ ಕಡೆ ಮಾಡುತ್ತಿದ್ದಳು. ಅಕ್ಕನಿಗೇನೋ ಮೈಯಲ್ಲಿ ಚಲೋ ಇಲ್ಲ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಕುಂಕುಮದ ಬೆರಳು ಹಣೆಯ ಹತ್ತಿರ ಒಯ್ದಿದ್ದೆ. ಸುಶೀಲಕ್ಕ ಕೊಡ ಬಿಟ್ಟು ಬಂದು ನನ್ನ ಮಣಿಕಟ್ಟು ಹಿಡಿದಳು.

"ಹಚ್ಚಬ್ಯಾಡ ತಂಗಿ" ಎಂದಳು.

ನನಗೆ ತಿಳಿಯಲಿಲ್ಲ. ಏನೋ ಶಾಸ್ತ್ರ ತಪ್ಪಿರಬೇಕು ಅಂದುಕೊಂಡೆ. "ಯಾಕಕ್ಕಾ?"

ಅವಳು ಒಂದೇ ಉಸಿರಿಗೆ ಹೇಳಿದಳು. "ನಿನ್ನ ಮೈದುನ ಎರಡ ಸಲ ಬಂದಿದ್ದ. ಮೊದಲ ಸಲ ಜ್ವರ ಬಾಳ ಐತಿ, ಆಕೀನ ಕಳಸ್ರಿ ಅಂತ ಬಂದಾಂವ. ನೀ ಗಾಡಿ ಕೂಡ ಕಾರ್ಖಾನಿಗೆ ಹೋಗೀದಿ, ಕಳಸ್ತೀನಿ ಅಂತ ಹೇಳಿ ನಮ್ಮ ಮನಿಯವ್ರು ಅವನ್ನ ಹೊಳ್ಳಿ ಕಳಿಸಿದ್ರು. ಎರಡನೇ ಸಲ..." ಅಲ್ಲಿಗೆ ನಿಲ್ಲಿಸಿದಳು. "ದಿನಕರ್ಮಾನೂ ಮುಗದೈತಿ, ತಂಗಿ. ನಾ ದಿನಾ ನಿನ್ನ ಹಣಿ ನೋಡಿ ಸಾಯಾಕತ್ತೀನಿ."

ನಾನು ಅತ್ತದ್ದು ನೆನಪಿಲ್ಲ. ಬೆರಳಿನ ಕುಂಕುಮವನ್ನು ಎಲ್ಲಿ ಒರೆಸಬೇಕು ಎಂದು ತಿಳಿಯದೆ ಕೈ ದೂರ ಹಿಡಿದು ನಿಂತಿದ್ದು ನೆನಪಿದೆ. ನೀರು ಹರಿಯುತ್ತಿತ್ತು. ಕಡೆಗೆ ಅದರಲ್ಲಿ ಕೈ ಇಳಿಬಿಟ್ಟೆ. ಯಲ್ಲವ್ವ ಓಡಿ ಬಂದು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು.

ತುಕಾರಾಮ ಗುಡಿಸಲ ಮುಂದೆ ಬೀಡಿ ಸೇದುತ್ತ ಕೂತಿದ್ದ. ನನ್ನ ಬೋಳು ಹಣೆ ನೋಡಿದವನೇ ಎದ್ದು ನಿಂತ. ಬೀಡಿ ಕೈಯಿಂದ ಬಿತ್ತು.

"ಹೇಳಬೇಕಂತನ ಇದ್ದೆ" ಎಂದ. "ಹೇಳಿದ್ರ ನೀ ಹೊಂಟ ಹೋಗ್ತಿದ್ದಿ. ನೀ ಹೋದ್ರ ಉಳದಾವ್ರೂ ಹೋಗ್ತೀವಿ ಅಂತಿದ್ರು. ಟೋಳಿ ಮುರದ್ರ ಮಾಲೀಕ ನನ್ನ ಹೊಲ ಬರಸ್ಕೋತಾನ. ನಾ ಏನ ಮಾಡ್ಲಿ, ಹೇಳು." ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಲ್ಲ. ಆದರೆ ಅಷ್ಟು ಹೇಳಿಯೂ ಅವನು, "ಇನ್ನ ಸ್ವಲ್ಪ ದಿನ ತಡಿ. ಆದದ್ದಂತೂ ಆಗಿ ಹೋಗೈತಿ" ಎಂದ.

ಹೊಲದ ಬದಿಗೆ ಹೇರು ತುಂಬಿದ ಟ್ರ್ಯಾಕ್ಟರು ಹೊರಡಲು ನಿಂತಿತ್ತು. ನಾನು ಹೋಗಿ ಕಬ್ಬಿನ ಮೇಲೆ ಹತ್ತಿ ಕೂತೆ. ಯಲ್ಲವ್ವ ಹಿಂದೆಯೇ ಹತ್ತಿದಳು. ಡ್ರೈವರು ತುಕಾರಾಮನ ಮುಖ ನೋಡಿದ. ತುಕಾರಾಮ ಇಳಿಸು ಅನ್ನಲಿಲ್ಲ. ಸುಶೀಲಕ್ಕ ಅವನ ತೋಳು ಹಿಡಿದಿದ್ದಳು.

ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಕ್ಟರು, ಎತ್ತಿನ ಗಾಡಿಗಳ ಸಾಲು ರಸ್ತೆಯವರೆಗೆ ನಿಂತಿತ್ತು. ನನಗೆ ಆ ಬಿಳಿ ಅಂಗಿಯ ಇನ್ಸ್‌ಪೆಕ್ಟರನನ್ನು ಕಾಣಬೇಕಿತ್ತು. ಕಂಡು ಏನು ಕೇಳಬೇಕು ಅನ್ನುವುದೂ ಗೊತ್ತಿರಲಿಲ್ಲ. ಸಾಹೇಬರು ಎಲ್ಲಿ ಎಂದು ಕೇಳುತ್ತ ಸಾಲಿನ ಮುಂದೆ ಬಂದೆ. ಕಾವಲುಗಾರ ಹೆಂಗಸರನ್ನು ಒಳಗೆ ಬಿಡುವುದಿಲ್ಲ ಎಂದು ಕೋಲು ಅಡ್ಡ ಹಿಡಿದ. ನಿಂತಲ್ಲೇ ಕೂತುಬಿಟ್ಟೆ. ಯಲ್ಲವ್ವ ಪಕ್ಕದಲ್ಲಿ ಕೂತಳು. ನಾವು ಕೂತದ್ದು ಕಾಟಾದ ಮೇಲೆ, ಅಂದರೆ ಹೇರು ತುಂಬಿದ ಗಾಡಿಯನ್ನು ತೂಗುವ ಕಬ್ಬಿಣದ ಹಾಸಿನ ಮೇಲೆ. ಅದು ನನಗೆ ಗೊತ್ತೂ ಇರಲಿಲ್ಲ.

ಕಿಟಕಿಯಿಂದ ಕಾಟಾದ ಗುಮಾಸ್ತ ತಲೆ ಹೊರಗೆ ಹಾಕಿದ. "ಏಳ್ರವ್ವಾ. ಕಬ್ಬಿನ ಕೂಡ ನಿಮ್ಮ ತೂಕಾನೂ ಬರಾಕತ್ತೈತಿ."

ನಾವು ಏಳಲಿಲ್ಲ. ಹಿಂದಿನ ಟ್ರ್ಯಾಕ್ಟರುಗಳು ಹಾರ್ನ್ ಹೊಡೆಯತೊಡಗಿದವು. ಗಾಡಿಯವರು ಇಳಿದು ಬಂದು ಸುತ್ತ ನಿಂತರು. ಕೆಲವರು ಬೈದರು. ಏನಾಯಿತು ಎಂದು ಕೇಳಿದವರಿಗೆ ಯಲ್ಲವ್ವ ಹೇಳಿದಳು. ಕೇಳಿದ ಮೇಲೆ ಬೈಗಳು ಕಡಿಮೆಯಾದವು. ಕಾವಲುಗಾರ ಕೋಲು ಕೆಳಗೆ ಮಾಡಿ ಒಳಗೆ ಹೋದ. ಬಿಸಿಲಿಗೆ ಸಾಲಿನಲ್ಲಿ ಕಬ್ಬು ಒಣಗುತ್ತಿತ್ತು, ಒಳಗೆ ಗಾಣಕ್ಕೆ ಕಬ್ಬು ಸಾಲದೆ ಬಂತು. ಆಗ ಇನ್ಸ್‌ಪೆಕ್ಟರು ಬಂದ. ಹಿಂದೆ ಅವನಿಗಿಂತ ದೊಡ್ಡ ಸಾಹೇಬರು ಬಂದರು. ನಮ್ಮ ಮಂದಿ ಅಲ್ಲ ಎಂದವನು ನನಗೆ ಕುಡಿಯಲು ನೀರು ತರಿಸಿದ.

"ಏನಾಗಬೇಕು ನಿನಗ?" ದೊಡ್ಡ ಸಾಹೇಬರು ಕೇಳಿದರು.

"ನನ್ನ ಗಂಡ ಸತ್ತಾನ್ರಿ. ಊರಿಗೆ ಹೋಗಬೇಕು."

"ಹೋಗು. ಯಾರು ಬ್ಯಾಡ ಅಂದಾರ?"

"ಎಲ್ಲಾರೂ ಅಂದಾರ್ರಿ" ಎಂದೆ.

ಅವರು ಟ್ರ್ಯಾಕ್ಟರ್ ಮಾಲೀಕನನ್ನು ಕರೆಸಿದರು. ಆವತ್ತು ಅವನು ಇಳಿದು, ಕೈಕಟ್ಟಿ ನಿಂತು ಮಾತಾಡಿದ. "ಈಕೀನ ಇವತ್ತ ಕಳಸು. ಲೈನ್ ಮುಂದ ಹೋಗ್ಲಿ" ಎಂದರು ಸಾಹೇಬರು. ಆಗಲಿ ಎಂದ.

"ಈಕೀನೂ ಕಳಸ್ರಿ" ಎಂದೆ ನಾನು, ಯಲ್ಲವ್ವನ ಕೈ ಹಿಡಿದು.

"ಮುದುಕೀದು ಬ್ಯಾರೆ ಲೆಕ್ಕ ಐತ್ರಿ, ಸಾಹೇಬ್ರ" ಎಂದ ಮಾಲೀಕ. ಸಾಹೇಬರು ಗಡಿಯಾರ ನೋಡಿಕೊಂಡರು. ಅದು ನಿಮ್ಮ ನಿಮ್ಮ ವ್ಯವಹಾರ ಎಂದರು. ನಾನು ಕೂತೇ ಇದ್ದೆ. ಆದರೆ ಯಲ್ಲವ್ವ ನನ್ನ ಕೈ ಬಿಡಿಸಿಕೊಂಡು ಎದ್ದು ಕಾಟಾದಿಂದ ಕೆಳಗಿಳಿದಳು.

"ನಾ ಎದ್ದೀನಿ. ಈಗ ನೀನೂ ಏಳಬೇಕು. ನಿನ್ನ ಅತ್ತಿ ಮಗನ್ನ ಕಳಕೊಂಡ ಕೂತಾಳ, ಹೋಗು."

ಕಾರ್ಖಾನೆಯ ಜೀಪಿನಲ್ಲಿಯೇ ನನ್ನನ್ನು ಹಾರೂಗೇರಿ ಬಸ್ ಸ್ಟ್ಯಾಂಡಿಗೆ ಬಿಟ್ಟರು. ತಿರುಗಿ ನೋಡಿದಾಗ ಸಾಲು ಸರಿಯುತ್ತಿತ್ತು. ಬರಿದಾದ ಟ್ರೇಲರಿನ ಮೇಲೆ ಯಲ್ಲವ್ವ ಹೊಲಕ್ಕೆ ವಾಪಸು ಹೊರಟಿದ್ದಳು.

ತೆಲಸಂಗದಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಓಣಿಯ ಕಟ್ಟೆಗಳ ಮೇಲಿನ ಹೆಂಗಸರು ನಾನು ಹತ್ತಿರ ಬಂದಂತೆ ಒಳಗೆ ಸರಿದರು. ಅತ್ತೆ ಹೊಸ್ತಿಲ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದಳು.

"ಈಗ ಬಂದ್ಯಾ" ಎಂದಳು. ತಲೆ ಎತ್ತಲಿಲ್ಲ. "ಕಲ್ಲಪ್ಪ ಮಣ್ಣ ಮಾಡಿದ ಮರುದಿನಾನ ಬಂದಿದ್ದ. ಹಂಗಾಮ ಮುಗಿಸಿ ಲೆಕ್ಕ ಹರಕೊಂಡ ಬರ್ತೀನಿ ಅಂತ ನೀ ಹೇಳಿ ಕಳಿಸಿದಿ ಅಂತಲ್ಲ."

ತುಕಾರಾಮ ನನ್ನ ಬಾಯಲ್ಲಿ ಇಟ್ಟ ಮಾತು ಅದು. ನಾನು ಹಾಗೆ ಹೇಳಿಲ್ಲ, ನನಗೆ ಗೊತ್ತೇ ಇರಲಿಲ್ಲ ಎಂದೆ. ಅತ್ತೆ ಕೇಳಿಸಿಕೊಂಡಳು, ಆದರೆ ಆ ಮಾತು ಅವಳೊಳಗೆ ಇಳಿಯಲಿಲ್ಲ. ಗಂಡನ ಕಾಲು ಹೋದ ಮೇಲೆ ಅವನನ್ನು ಬಸ್ಸು ಹತ್ತಿಸಿ ತಾನು ಬೇರೆ ಕಡೆ ಹೋದವಳು ಎಂಬುದಕ್ಕೆ ಕಲ್ಲಪ್ಪನೇ ಸಾಕ್ಷಿಯಿದ್ದ. ಅದು ಸುಳ್ಳಾಗಿರಲಿಲ್ಲ. ಮನೆಯಲ್ಲಿ ಇಟ್ಟುಕೊಂಡರು, ರೊಟ್ಟಿ ಕೊಟ್ಟರು. ಸಿದ್ರಾಮನ ಕಡೆಯ ದಿನಗಳ ಬಗ್ಗೆ ಮಾತ್ರ ಅತ್ತೆ ಒಂದು ಮಾತು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಗೋಡೆಯ ಕಡೆ ಹೊರಳಿದ ಅವನ ಬೆನ್ನು ಕಣ್ಣ ಮುಂದಿತ್ತು. ಸಾಯುವಾಗಲೂ ಅವನು ಹಾಗೇ ಹೊರಳಿಕೊಂಡಿದ್ದನೇನೋ ಎಂಬ ಹೆದರಿಕೆಯಲ್ಲಿ ಆ ದಿನಗಳನ್ನು ಕಳೆದೆ. ಬಾವಿಯ ಕಟ್ಟೆಯ ಮೇಲೆ ನಿಂತು ನೀರು ನೋಡಿದ ದಿನಗಳೂ ಇವೆ.

ಎಷ್ಟೋ ವರ್ಷಗಳ ಮೇಲೆ, ಅಂಗನವಾಡಿ ಸೇರಿದ ಮೇಲೆ, ಒಬ್ಬ ಅಧಿಕಾರಿ ನಮಗೆಲ್ಲ ತಿಳಿಹೇಳುತ್ತ, ಮುಂಗಡದ ಹೆಸರಿನಲ್ಲಿ ಮನುಷ್ಯರನ್ನು ಹಿಡಿದಿಟ್ಟು ದುಡಿಸುವುದು ಅಪರಾಧ, ಅದಕ್ಕೆ ಕಾನೂನಿದೆ ಎಂದರು. ಯಾವಾಗ ಬಂತು ಸರ್ ಎಂದು ಕೇಳಿದೆ. ನನ್ನ ಮದುವೆಗೆ ಬಹಳ ಮುಂಚೆಯೇ ಬಂದಿತ್ತು. ತುಕಾರಾಮ ಮಾಮಾ ಮರುವರ್ಷ ನಮ್ಮ ಓಣಿಗೆ ಬರಲಿಲ್ಲ, ಪಕ್ಕದ ಓಣಿಗೆ ಹೋದ. ಅಲ್ಲಿಂದ ಟ್ರ್ಯಾಕ್ಟರು ತುಂಬಿತು.

ಆ ಯುಗಾದಿ ನಮ್ಮ ಮನೆಯಲ್ಲಿ ಹೋಳಿಗೆ ಇರಲಿಲ್ಲ. ಹಬ್ಬವಾದ ಕೆಲವು ದಿನಕ್ಕೆ, ಮಧ್ಯಾಹ್ನ, ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಒಂದು ಗಂಟು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಒಳಗೆ ನೋಡುತ್ತಿದ್ದಳು. ಕುತ್ತಿಗೆ ಒಂದು ಕಡೆ ವಾಲಿತ್ತು. ನಾನು ಓಡಿ ಹೋಗಿ ಕೈ ಹಿಡಿದು ಕರೆತಂದೆ. ಹಂಗಾಮು ಮುಗಿದು ಕಾರ್ಖಾನೆ ನಿಂತಿತ್ತು. ಅವಳ ಬಾಕಿ ತೀರಿತ್ತು. ತನ್ನ ಊರಿಗೆ ಹೋಗುವ ಮುಂಚೆ ನನ್ನನ್ನು ನೋಡಲೆಂದು ತೆಲಸಂಗದಲ್ಲಿ ಇಳಿದಿದ್ದಳು.

ಅತ್ತೆ ಗಂಗಾಳದಲ್ಲಿ ರೊಟ್ಟಿ ಪಲ್ಯ ಹಾಕಿ ತಂದಳು. ಯಲ್ಲವ್ವ ಅದನ್ನು ಮುಟ್ಟದೆ ಅತ್ತೆಯ ಮುಖ ನೋಡಿದಳು.

"ಯವ್ವಾ, ಒಂದ ಮಾತ ಹೇಳಿ ಉಣ್ತೀನಿ. ನಿನ್ನ ಸೊಸಿ ನಿನ್ನ ಮಗನ್ನ ಬಿಟ್ಟ ಬಂದಿದ್ದು ನನ್ನ ಸಂಬಂಧ. ಆಕಿ ಬರದಿದ್ರ ನಿಮ್ಮ ಬಾಕಿ ನನ್ನ ಮ್ಯಾಲ ಬೀಳ್ತಿತ್ತು. ನಂಗ ಬಿಡುಗಡಿ ಇರತಿರಲಿಲ್ಲ. ಬೈಯೂದಿದ್ರ ನನ್ನ ಬೈ."

ಅತ್ತೆ ನಿಂತೇ ಇದ್ದಳು. "ನಿನ್ನ ಹೆಸರೇನು?" ಎಂದಳು.

"ಯಲ್ಲವ್ವ."

ಅತ್ತೆ ಗೋಡೆ ಹಿಡಿದು ಕೆಳಗೆ ಕೂತಳು. ಆಮೇಲೆ ನನ್ನ ಕಡೆ ತಿರುಗಿ, ನಾನು ಬಂದ ಮೇಲೆ ಮೊದಲ ಸಲ ಅವನ ಮಾತು ತೆಗೆದಳು.

"ಜ್ವರದಾಗ ಒಂದ ಮಾತ ಕೇಳತಿದ್ದ. ಯಲ್ಲವ್ವನ್ನ ಬಿಟ್ರಾ, ಯಲ್ಲವ್ವನ್ನ ಬಿಟ್ರಾ ಅಂತ. ಕಣ್ಣ ತೆರದಾಗೊಮ್ಮೆ ಅದನ್ನ. ನಾ ಗುಡ್ಡದ ತಾಯಿ ಯಲ್ಲವ್ವ ಅಂದ್ಕೊಂಡೆ. ಆಕಿಗೆ ನಡಕೊಳ್ಳೂದ ಬಿಟ್ಟೇವೇನು ಅಂತ ಕೇಳ್ತಾನ ಅಂದ್ಕೊಂಡೆ. ಇಲ್ಲೋ ನನ್ನಪ್ಪಾ, ಬಿಟ್ಟಿಲ್ಲ, ಬಿಟ್ಟಿಲ್ಲ ಅಂತ ಹೇಳಿದೆ. ಹಂಗ ಕೇಳ್ತಾ ಕೇಳ್ತಾ ಹೋದ."

ಹೊರಗೆ ಯಾರದೋ ಎಮ್ಮೆ ಗೂಟಕ್ಕೆ ಮೈ ಉಜ್ಜುತ್ತಿತ್ತು. ಯಲ್ಲವ್ವ ಗಂಗಾಳ ಪಕ್ಕಕ್ಕೆ ಸರಿಸಿ ಅತ್ತೆಯ ಎರಡೂ ಕೈ ತನ್ನ ಕೈಯಲ್ಲಿ ತೆಗೆದುಕೊಂಡಳು. ಆದರೆ ಅವಳು ಹೇಳಿದ್ದು ಅತ್ತೆಗಲ್ಲ, ನನಗೂ ಅಲ್ಲ.

"ಬಿಟ್ರು ತಮ್ಮಾ" ಎಂದಳು. "ನಿನ್ನೆ ಬಿಟ್ರು."